ದಾಂಪತ್ಯದ ಅನ್ಯೋನ್ಯತೆ ಮತ್ತು ಗೃಹಿಣಿಯ ಮುಂದಾಳುತನ

ಹಸು ಸಾಕಿದವರೆಲ್ಲರಿಗೂ ತಿಳಿದ ಒಂದು ಸಂಗತಿಯಿಂದ ಈ ಪಾಠವನ್ನು ಆರಂಭಿಸೋಣ. ಕರು ಕೆಚ್ಚಲಿಗೆ ಬಾಯಿಟ್ಟೊಡನೆ ಹಸು ಹಾಲನ್ನು ಇಳಿಸುತ್ತದೆ. ಪರಿಚಿತ ಕೈ ಮೈ ಸವರಿದರೆ ಶಾಂತವಾಗಿ ನಿಂತು ಹಾಲು ಕರೆಯಗೊಡುತ್ತದೆ. ಆದರೆ ಹೊಸಬರು ಬಂದು ಗದ್ದಲ ಮಾಡಿದರೆ, ನಾಯಿ ಬೊಗಳಿದರೆ, ಯಾರಾದರೂ ಕೋಲೆತ್ತಿದರೆ ಅದೇ ಹಸು ಹಾಲನ್ನು ಹಿಡಿದುಕೊಳ್ಳುತ್ತದೆ. ಕೆಚ್ಚಲಿನಲ್ಲಿ ಹಾಲಿದ್ದರೂ ಪಾತ್ರೆಗೆ ಬೀಳುವುದಿಲ್ಲ.

ಗಂಡಹೆಂಡಿರ ಬಾಳನ್ನು ಪಶುವಿನ ಬಾಳಿಗೆ ಹೋಲಿಸುವುದು ನಮ್ಮ ಉದ್ದೇಶವಲ್ಲ. ಆದರೆ ಹಸುವಿನಲ್ಲಿ ಹಾಲನ್ನು ಇಳಿಸುವ ರಸವು ಮನುಷ್ಯರ ದೇಹದಲ್ಲಿಯೂ ಉಂಟು. ನಂಬಿಕೆ ಇದ್ದಲ್ಲಿ ದೇಹ ಸಡಿಲಗೊಳ್ಳುತ್ತದೆ, ಭಯವಿದ್ದಲ್ಲಿ ಬಿಗಿದುಕೊಳ್ಳುತ್ತದೆ ಎಂಬ ನಿಯಮವೂ ಮನುಷ್ಯರಿಗೆ ಅನ್ವಯಿಸುತ್ತದೆ. ಈ ನಿಯಮವನ್ನು ಅರಿತ ದಂಪತಿಗಳಿಗೆ ಸಂಸಾರದ ಎಷ್ಟೋ ತೊಡಕುಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಒಂದು ಮನೆಯ ಮಾತು

ಒಂದು ಮನೆಯನ್ನು ಊಹಿಸಿಕೊಳ್ಳಿ. ಹೆಂಡತಿಗೆ ಎಂಟು ತಿಂಗಳ ಕೂಸು. ಮೊದಲನೆಯ ಮಗುವಿಗೆ ಇನ್ನೂ ಮೂರು ತುಂಬಿಲ್ಲ. ಬೆಳಗಾಗುವ ಮೊದಲೇ ಎದ್ದು ನೀರು ತಂದು, ಅಡಿಗೆ ಮಾಡಿ, ಹೊಲಕ್ಕೆ ಹೋಗಿ, ಸಂಜೆ ಮತ್ತೆ ಒಲೆಯ ಮುಂದೆ ಕೂರುತ್ತಾಳೆ. ರಾತ್ರಿ ಗಂಡನು ಸಮೀಪಿಸಿದರೆ ಮಗ್ಗುಲು ಬದಲಿಸಿ ಮಲಗುತ್ತಾಳೆ. “ನಿನಗೆ ನನ್ನ ಮೇಲೆ ಮನಸ್ಸೇ ಇಲ್ಲ” ಎಂದು ಅವನು ಕೋಪಿಸಿಕೊಳ್ಳುತ್ತಾನೆ. ಅವಳು ಉತ್ತರ ಕೊಡುವುದಿಲ್ಲ. ಮತ್ತೆ ಗರ್ಭ ನಿಂತೀತೆಂಬ ಭಯ ಅವಳ ಎದೆಯಲ್ಲಿದೆ. ಆ ಭಯವನ್ನು ಆಡಿ ತೋರಿಸಲು ಅವಳಿಗೆ ಯಾರೂ ಅವಕಾಶ ಕೊಟ್ಟಿಲ್ಲ.

ಇಲ್ಲಿ ಪ್ರೀತಿಯ ಕೊರತೆ ಇಲ್ಲ. ಮಾತಿನ ಕೊರತೆ ಇದೆ, ವಿಶ್ರಾಂತಿಯ ಕೊರತೆ ಇದೆ, ತನ್ನ ದೇಹದ ವಿಷಯದಲ್ಲಿ ತಾನೇ ನಿರ್ಧರಿಸುವ ಅಧಿಕಾರದ ಕೊರತೆ ಇದೆ.

ಅನ್ಯೋನ್ಯತೆಗೆ ದೇಹದಲ್ಲಿರುವ ಆಧಾರ

ಮಿದುಳಿನ ಕೆಳಭಾಗದಲ್ಲಿ ಕಡಲೆಕಾಳಿನಷ್ಟು ದೊಡ್ಡದಾದ ಪಿಟ್ಯುಟರಿ ಎಂಬ ಗ್ರಂಥಿ ಇದೆ. ಇದರ ಸಾರವು ಗರ್ಭಕೋಶವನ್ನು ಸಂಕುಚಿಸುತ್ತದೆ ಎಂಬುದನ್ನು ಇಂಗ್ಲೆಂಡಿನ ಹೆನ್ರಿ ಡೇಲ್ ಎಂಬ ವಿಜ್ಞಾನಿ 1906ರಲ್ಲಿ ತೋರಿಸಿದರು. ಆ ರಸಕ್ಕೆ ಆಕ್ಸಿಟೋಸಿನ್ ಎಂದು ಹೆಸರು. ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ವಿನ್ಸೆಂಟ್ ಡು ವಿನ್ಯೋ ಎಂಬ ಅಮೆರಿಕದ ವಿಜ್ಞಾನಿಗೆ 1955ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆಸ್ಪತ್ರೆಯಲ್ಲಿ ಹೆರಿಗೆಯಾದೊಡನೆ ಅತಿ ರಕ್ತಸ್ರಾವವಾಗದಂತೆ ತಾಯಿಗೆ ನೀಡುವ ಚುಚ್ಚುಮದ್ದು ಸಾಮಾನ್ಯವಾಗಿ ಇದೇ ಆಗಿದೆ.

ಈ ರಸದ ಕಾರ್ಯ ಹೆರಿಗೆಯೊಡನೆ ಮುಗಿಯುವುದಿಲ್ಲ. ಕೂಸು ಮೊಲೆಯುಣ್ಣುವಾಗ ಇದು ಸ್ರವಿಸಿ ಹಾಲು ಇಳಿಯುವಂತೆ ಮಾಡುತ್ತದೆ. ತಾಯಿಗೆ ಭಯ, ನೋವು ಅಥವಾ ಚಿಂತೆ ಇದ್ದರೆ ಹಾಲು ಇಳಿಯುವುದು ತಡವಾಗುತ್ತದೆ. ದಂಪತಿಗಳ ಸಮಾಗಮದ ವೇಳೆಯಲ್ಲಿಯೂ ಇದು ದೇಹದಲ್ಲಿ ಹೆಚ್ಚುತ್ತದೆ. ಅಮೆರಿಕದ ಹುಲ್ಲುಗಾವಲಿನಲ್ಲಿ ಜೊತೆಗಾರನೊಡನೆ ಜೋಡಿಯಾಗಿಯೇ ಬಾಳುವ ಒಂದು ಬಗೆಯ ಪುಟ್ಟ ಇಲಿ ಇದೆ. ಆ ಇಲಿಗಳಲ್ಲಿ ಜೋಡಿ ಬೆಸೆಯುವುದಕ್ಕೆ ಆಕ್ಸಿಟೋಸಿನ್ ಮತ್ತು ವಾಸೊಪ್ರೆಸಿನ್ ಎಂಬ ರಸಗಳು ನೆರವಾಗುತ್ತವೆಂದು ವಿಜ್ಞಾನಿಗಳು ಕಂಡುಕೊಂಡರು.

ಆದರೆ ಒಂದೇ ರಸದಿಂದ ಪ್ರೀತಿ ಹುಟ್ಟುತ್ತದೆಂದು ತಿಳಿಯಬಾರದು. ಆಕ್ಸಿಟೋಸಿನ್ನನ್ನು ಗ್ರಹಿಸುವ ಶಕ್ತಿಯೇ ಇಲ್ಲದಂತೆ ಮಾಡಿದ ಇಲಿಗಳು ಕೂಡ ಜೋಡಿಯಾದವೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಇಲಿಯಲ್ಲಿಯೇ ಹೀಗಿರುವಲ್ಲಿ ಮನುಷ್ಯರ ಮಾತೇನು? ಅನ್ಯೋನ್ಯತೆಯನ್ನು ಮಾತ್ರೆಯಿಂದ ಪಡೆಯಲಾಗದು, ಬಲವಂತದಿಂದಂತೂ ಪಡೆಯಲಾಗದು. ಅದು ದಿನದಿನದ ನಡವಳಿಕೆಯಿಂದ ಬೆಳೆಯತಕ್ಕದ್ದು.

ಹಿಡಿದ ಕೈಯ ಬಲ

ವಿವಾಹದಲ್ಲಿ ಪಾಣಿಗ್ರಹಣವೆಂಬುದು ಮುಖ್ಯವಾದ ಶಾಸ್ತ್ರ. ಹಿಡಿದ ಕೈಗೆ ಇರುವ ಶಕ್ತಿಯನ್ನು ಅಮೆರಿಕದ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಅಳೆದು ನೋಡಿದರು. 16 ಮಂದಿ ವಿವಾಹಿತ ಸ್ತ್ರೀಯರಿಗೆ ಸಣ್ಣ ವಿದ್ಯುತ್ ಆಘಾತ ತಗಲಬಹುದೆಂದು ಮೊದಲೇ ತಿಳಿಸಿ, ಅವರ ಮಿದುಳು ಆಗ ಹೇಗೆ ವರ್ತಿಸುತ್ತದೆಂಬುದನ್ನು ಯಂತ್ರದ ಮೂಲಕ ಪರೀಕ್ಷಿಸಿದರು. ಒಂಟಿಯಾಗಿದ್ದಾಗ ಭಯದ ಲಕ್ಷಣಗಳು ಹೆಚ್ಚಾಗಿದ್ದವು. ಗಂಡನ ಕೈ ಹಿಡಿದಾಗ ಅವು ಗಣನೀಯವಾಗಿ ತಗ್ಗಿದವು. ಅಪರಿಚಿತರ ಕೈಯಿಂದ ಅಷ್ಟು ಪ್ರಯೋಜನವಾಗಲಿಲ್ಲ. ಸಂಸಾರದಲ್ಲಿ ಹೆಚ್ಚು ಸಾಮರಸ್ಯವುಳ್ಳವರಿಗೆ ಗಂಡನ ಕೈಯಿಂದ ಹೆಚ್ಚಿನ ನೆಮ್ಮದಿ ದೊರೆಯಿತು.

ಇದರ ತಾತ್ಪರ್ಯವೇನು? ಗಂಡನೆಂಬ ಹೆಸರು ಮಾತ್ರದಿಂದ ಭಯ ತಗ್ಗುವುದಿಲ್ಲ. ಆ ಕೈ ಹೊಡೆಯುವ ಕೈಯಲ್ಲ, ಆಸರೆಯ ಕೈ ಎಂಬ ನಂಬಿಕೆ ಮನಸ್ಸಿನಲ್ಲಿ ಬೇರೂರಿರಬೇಕು.

ಜಗಳವೂ ಗಾಯವೂ

“ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ” ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಜಗಳ ನಿಜವಾಗಿಯೂ ಅಷ್ಟಕ್ಕೇ ಮುಗಿದರೆ ಬಾಧಕವಿಲ್ಲ. ಮುಗಿಯದಿದ್ದರೆ ಅದು ಮೈಗೂ ತಾಗುತ್ತದೆ. ಅಮೆರಿಕದ ಓಹಿಯೋ ರಾಜ್ಯದಲ್ಲಿ 42 ದಂಪತಿಗಳ ಮುಂಗೈಯಲ್ಲಿ, ಅವರ ಒಪ್ಪಿಗೆ ಪಡೆದು, ಸಣ್ಣ ಗುಳ್ಳೆಯಂಥ ಗಾಯಗಳನ್ನು ಮಾಡಿ, ಅವು ಮಾಯುವ ಬಗೆಯನ್ನು ಗಮನಿಸಿದರು. 2005ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡ ಭೇಟಿಗಿಂತ ಭಿನ್ನಾಭಿಪ್ರಾಯವನ್ನು ಚರ್ಚಿಸಿದ ಭೇಟಿಯಲ್ಲಿ ಗಾಯಗಳು ನಿಧಾನವಾಗಿ ಮಾಯುವುದು ಕಂಡುಬಂತು. ಹೆಚ್ಚು ಹಗೆತನ ತೋರುತ್ತಿದ್ದ ದಂಪತಿಗಳ ಗಾಯವು, ಹಗೆತನ ಕಡಮೆ ಇದ್ದ ದಂಪತಿಗಳ ಗಾಯ ಮಾಯುವ ವೇಗದ ಶೇಕಡ 60ರಷ್ಟು ವೇಗದಲ್ಲಿ ಮಾತ್ರ ಮಾಯಿತು.

ಭಿನ್ನಾಭಿಪ್ರಾಯವಿಲ್ಲದ ಮನೆ ಎಲ್ಲಿಯೂ ಇಲ್ಲ. ಆದರೆ ಹೀಯಾಳಿಕೆ, ತವರನ್ನು ಎತ್ತಿ ಆಡುವುದು, ದಿನಗಟ್ಟಲೆ ಮಾತು ಬಿಡುವುದು, ಇವು ಇಬ್ಬರ ಆರೋಗ್ಯಕ್ಕೂ ಮಾರಕ. ಕೈ ಎತ್ತುವುದಂತೂ ಅಪರಾಧ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯು ಅಂಥ ಸ್ತ್ರೀಗೆ ರಕ್ಷಣೆ ನೀಡುತ್ತದೆ. 181ಕ್ಕೆ ದೂರವಾಣಿ ಮಾಡಿ ಸಹಾಯ ಕೇಳಬಹುದು.

ಹೆಂಡತಿಯ ಮಾತಿಗೆ ಬೆಲೆ

ಹೆಂಡತಿಯ ಮಾತು ಕೇಳುವವನನ್ನು ನಮ್ಮ ಊರುಗಳಲ್ಲಿ ಹಾಸ್ಯ ಮಾಡುವುದುಂಟು. ಈ ಹಾಸ್ಯಕ್ಕೆ ಆಧಾರವಿಲ್ಲ. ಅಮೆರಿಕದ ಸಿಯಾಟಲ್ ನಗರದಲ್ಲಿ ಜಾನ್ ಗಾಟ್ಮನ್ ಮತ್ತು ಸಂಗಡಿಗರು ಹೊಸದಾಗಿ ಮದುವೆಯಾದ 130 ದಂಪತಿಗಳನ್ನು ಕೆಲವು ವರ್ಷಗಳ ಕಾಲ ಗಮನಿಸಿ, ತಮ್ಮ ನಿರ್ಣಯಗಳನ್ನು 1998ರಲ್ಲಿ ಪ್ರಕಟಿಸಿದರು. ಹೆಂಡತಿಯ ಅಭಿಪ್ರಾಯವನ್ನು ತಳ್ಳಿಹಾಕುವ ಗಂಡಂದಿರ ದಾಂಪತ್ಯ ಮುರಿಯುವ ಸಂಭವ ಹೆಚ್ಚೆಂದು ಅವರು ಕಂಡರು. ಆ ದೇಶದ ರೀತಿನೀತಿಗಳು ಬೇರೆ, ನಮ್ಮವು ಬೇರೆ. ಆದರೂ ಮಾತಿಗೆ ಬೆಲೆ ದೊರೆತಲ್ಲಿ ಮನಸ್ಸು ಅರಳುತ್ತದೆ ಎಂಬುದು ಎರಡೂ ಕಡೆ ಸತ್ಯವಲ್ಲವೆ?

ನಮ್ಮ ದೇಶದ ನಿದರ್ಶನವೂ ಉಂಟು. ಪಶ್ಚಿಮ ಬಂಗಾಳದ ಬೀರಭೂಮ್ ಮತ್ತು ರಾಜಸ್ಥಾನದ ಉದಯಪುರ ಜಿಲ್ಲೆಗಳ ಗ್ರಾಮ ಪಂಚಾಯಿತಿಗಳನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರು, ಅಧ್ಯಕ್ಷ ಸ್ಥಾನವು ಸ್ತ್ರೀಯರಿಗೆ ಮೀಸಲಾದ ಕಡೆ ಕುಡಿಯುವ ನೀರಿನ ಕೆಲಸಗಳು ಹೆಚ್ಚಾಗಿ ನಡೆದುವೆಂದು 2004ರಲ್ಲಿ ವರದಿ ಮಾಡಿದರು. ನೀರು ಹೊರುವವಳಿಗೆ ನೀರಿನ ಕಷ್ಟ ಗೊತ್ತು. ಕರ್ನಾಟಕದ ಪಂಚಾಯಿತಿಗಳಲ್ಲಿ 2010ರಿಂದ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿವೆ. ಊರಿನ ಆಡಳಿತವನ್ನು ನಡೆಸಬಲ್ಲವಳು ಮನೆಯ ಆಡಳಿತದಲ್ಲಿ ಬಾಯಿ ಮುಚ್ಚಿ ಕೂರಬೇಕೆಂಬುದು ಯಾವ ನ್ಯಾಯ?

ಮುಂದಾಳುತನವೆಂದರೆ ದಬ್ಬಾಳಿಕೆಯಲ್ಲ. ಯಾವ ವಿಷಯದ ಭಾರವನ್ನು ಯಾರು ಹೊರುತ್ತಾರೋ ಆ ವಿಷಯದಲ್ಲಿ ಅವರ ಮಾತು ಮುಂದಾಗಬೇಕು, ಇನ್ನೊಬ್ಬರು ಬೆಂಬಲವಾಗಿ ನಿಲ್ಲಬೇಕು. ಇದೇ ಅದರ ಅರ್ಥ.

ಹೆಂಡತಿ ಮುಂದಾಗಬೇಕಾದ ವಿಷಯಗಳು

ಮೊದಲನೆಯದು, ಸಮಾಗಮ. ಇಬ್ಬರ ಮನಸ್ಸೂ ಒಪ್ಪಿದಾಗ ಮಾತ್ರ ಅದು ಸುಖಕರ. ಬಾಣಂತನದಲ್ಲಿಯೂ ಮೊಲೆಯೂಡಿಸುವ ಕಾಲದಲ್ಲಿಯೂ ದೇಹದ ರಸಗಳ ವ್ಯತ್ಯಾಸದಿಂದ ಸ್ತ್ರೀಯ ಆಸಕ್ತಿ ಕುಂದುವುದು ಸಹಜ. ಹೆರಿಗೆಯ ಗಾಯ ಮಾಯುವವರೆಗೆ, ಸಾಮಾನ್ಯವಾಗಿ ಆರು ವಾರಗಳಾದರೂ, ತಾಳ್ಮೆ ಅಗತ್ಯ. ಅವಳು ಬೇಡವೆಂದರೆ ಅದನ್ನು ತಿರಸ್ಕಾರವೆಂದು ಭಾವಿಸದಿರಿ. ಬೇಕೆಂದು ಅವಳೇ ಸೂಚಿಸಿದರೆ ನಾಚಿಕೆಗೇಡೆಂದು ತಿಳಿಯದಿರಿ.

ಎರಡನೆಯದು, ಮಕ್ಕಳು ಯಾವಾಗ ಮತ್ತು ಎಷ್ಟು ಎಂಬುದು. ಹೆರಿಗೆಯ ನಂತರ ಮುಂದಿನ ಗರ್ಭಕ್ಕೆ ಎರಡು ವರ್ಷವಾದರೂ ಅಂತರವಿರಲೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡಿದೆ. ಮೊಲೆಯೂಡಿಸುತ್ತಿರುವಾಗ ಗರ್ಭ ನಿಲ್ಲುವುದಿಲ್ಲವೆಂಬ ನಂಬಿಕೆಯನ್ನು ಆರು ತಿಂಗಳ ಮೇಲೆ ಅವಲಂಬಿಸಲಾಗದು. ಮುಟ್ಟು ಮರಳುವ ಮೊದಲೇ ಗರ್ಭ ನಿಲ್ಲಬಹುದು. ವಂಕಿ ಅಂದರೆ ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳುವ ‘ಅಂತರ’ ಚುಚ್ಚುಮದ್ದು, ‘ಛಾಯಾ’ ಮಾತ್ರೆ, ನಿರೋಧ್ ಇವು ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ ಉಚಿತವಾಗಿ ದೊರೆಯುತ್ತವೆ. ಯಾವುದು ತನ್ನ ದೇಹಕ್ಕೆ ಒಗ್ಗುತ್ತದೆಂಬುದನ್ನು ಆರೋಗ್ಯ ಸಹಾಯಕಿಯ ಸಲಹೆ ಪಡೆದು ಅವಳೇ ನಿರ್ಧರಿಸಲಿ. ಈ ವಿಚಾರ ನಮ್ಮ ನಾಡಿಗೆ ಹೊಸದಲ್ಲ. 1930ರಷ್ಟು ಹಿಂದೆಯೇ ಮೈಸೂರು ಸಂಸ್ಥಾನದ ಸರ್ಕಾರವು ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತ್ತು.

ಮೂರನೆಯದು, ಅವಳ ಆರೋಗ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆ ಇತ್ತು. ರಕ್ತಹೀನತೆ ಇದ್ದವಳಿಗೆ ಆಯಾಸ, ಏದುಸಿರು, ನಿರುತ್ಸಾಹ ಸಹಜ. ಅದನ್ನು ಸೋಮಾರಿತನವೆಂದೋ ಒಲವಿನ ಕೊರತೆಯೆಂದೋ ತಪ್ಪಾಗಿ ತಿಳಿಯುವುದುಂಟು. ರಕ್ತ ಪರೀಕ್ಷೆ ಮಾಡಿಸಿ. ವೈದ್ಯರು ಹೇಳಿದಂತೆ ಕಬ್ಬಿಣಾಂಶದ ಮಾತ್ರೆ ಸೇವಿಸಿ. ಸೊಪ್ಪು, ಹುರುಳಿ, ಕಾಳುಗಳ ಜೊತೆಗೆ ನಿಂಬೆರಸ ಹಿಂಡಿಕೊಳ್ಳಿ. ಊಟದೊಡನೆ ಕಾಫಿ, ಚಹಾ ಬೇಡ. ಎಲ್ಲರೂ ಉಂಡ ಮೇಲೆ ಉಳಿದುದನ್ನು ಅವಳು ಉಣ್ಣುವ ಪದ್ಧತಿ ಬಿಟ್ಟು, ಒಟ್ಟಿಗೆ ಕುಳಿತು ಉಣ್ಣಿರಿ.

ನಾಲ್ಕನೆಯದು, ಹಣಕಾಸು. ಬೆಳೆ ಮಾರಿದ ಹಣ, ಸಾಲ, ಮಕ್ಕಳ ಓದು ಈ ವಿಷಯಗಳನ್ನು ಅವಳೊಡನೆ ಚರ್ಚಿಸದೆ ತೀರ್ಮಾನಿಸಬಾರದು. ಅವಳ ಹೆಸರಿನಲ್ಲಿಯೂ ಬ್ಯಾಂಕ್ ಖಾತೆ ಇರಲಿ.

ಪುರುಷರಿಗೆ ಎರಡು ಮಾತು

ಅದೇ ಸಮೀಕ್ಷೆಯ ಪ್ರಕಾರ ವಿವಾಹಿತ ಸ್ತ್ರೀಯರಲ್ಲಿ ಶೇಕಡ 37.9 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರು. ಪುರುಷರ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದ ದಂಪತಿಗಳು ಶೇಕಡ 0.3 ಮಾತ್ರ. ಮಕ್ಕಳು ಸಾಕೆಂದು ಇಬ್ಬರೂ ನಿರ್ಧರಿಸಿದ ಮೇಲೆ ನೋವಿನ ಭಾರವೆಲ್ಲ ಹೆತ್ತವಳ ಮೇಲೆಯೇ ಏಕೆ ಬೀಳಬೇಕು? ಪುರುಷರ ಗಾಯರಹಿತ ಶಸ್ತ್ರಚಿಕಿತ್ಸೆಯು ಕೆಲವೇ ನಿಮಿಷಗಳ ಕೆಲಸ, ಹೊಲಿಗೆ ಇಲ್ಲ. ವೀರ್ಯಾಣು ಸಾಗುವ ನಾಳವನ್ನು ಮಾತ್ರ ಕಟ್ಟುತ್ತಾರೆ. ಪುರುಷತ್ವದ ರಸವು ನೇರವಾಗಿ ರಕ್ತಕ್ಕೆ ಸೇರುವುದರಿಂದ ಶಕ್ತಿಯಾಗಲಿ ಆಸಕ್ತಿಯಾಗಲಿ ಕುಂದುವುದಿಲ್ಲ. ಮೂರು ತಿಂಗಳವರೆಗೆ ನಿರೋಧ್ ಬಳಸಿ, ಬಳಿಕ ವೀರ್ಯ ಪರೀಕ್ಷೆ ಮಾಡಿಸಿಕೊಂಡರೆ ಆಯಿತು. ಯಾವ ಶಸ್ತ್ರಚಿಕಿತ್ಸೆಯೂ ಅವರವರ ಮನಃಪೂರ್ವಕ ಒಪ್ಪಿಗೆಯಿಂದಲೇ ನಡೆಯಬೇಕು.

ಉಪಸಂಹಾರ

ಮೊದಲು ಹೇಳಿದ ಮನೆಗೆ ಮರಳೋಣ. ಒಂದು ರಾತ್ರಿ ಗಂಡನು ಕೋಪಿಸಿಕೊಳ್ಳುವ ಬದಲು, “ನಿನ್ನ ಮನಸ್ಸಿನಲ್ಲಿ ಏನಿದೆ, ಹೇಳು” ಎಂದು ಕೇಳಿ, ಅವಳು ಹೇಳಿ ಮುಗಿಸುವವರೆಗೆ ಸುಮ್ಮನಿದ್ದರೆ ಏನಾದೀತು? ಅವಳು ಭಯವನ್ನು ಬಾಯಿಬಿಟ್ಟು ಹೇಳಿಯಾಳು. ಮರುವಾರ ಇಬ್ಬರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಾರು. ಅವಳು ತನಗೆ ಒಪ್ಪುವ ವಿಧಾನವನ್ನು ಆರಿಸಿಕೊಂಡಾಳು. ಬೆಳಗಿನ ನೀರನ್ನು ಅವನು ತಂದಾನು. ಭಯ ಹೋದಲ್ಲಿ ದೇಹ ತಾನೇ ಸಡಿಲಗೊಳ್ಳುತ್ತದೆ, ಮಗ್ಗುಲು ತಿರುಗಿದವಳು ಈ ಕಡೆಗೆ ತಿರುಗುತ್ತಾಳೆ. ಇದಕ್ಕೆ ಖರ್ಚಾಗುವುದು ಒಂದು ಮಾತು ಮತ್ತು ಅದನ್ನು ಕೇಳುವ ತಾಳ್ಮೆ ಅಷ್ಟೆ.

ದಂಪತಿಗಳು ಕೂಡಿ ಆಲೋಚಿಸಬೇಕಾದ ಪ್ರಶ್ನೆಗಳು

1. ಕಳೆದ ಒಂದು ತಿಂಗಳಲ್ಲಿ ನಿಮ್ಮ ಮನೆಯಲ್ಲಿ ಹೆಂಡತಿಯ ಮಾತಿನಂತೆ ನಡೆದ ಒಂದು ಮುಖ್ಯ ಕಾರ್ಯ ಯಾವುದು?

2. ಮುಂದಿನ ಮಗು ಯಾವಾಗ, ಅಥವಾ ಇನ್ನು ಬೇಡವೇ ಎಂಬುದನ್ನು ನೀವಿಬ್ಬರೂ ಬಾಯಿಬಿಟ್ಟು ಮಾತನಾಡಿದ್ದೀರಾ?

3. ಹೆಂಡತಿಯ ರಕ್ತ ಪರೀಕ್ಷೆ ಕೊನೆಯ ಬಾರಿ ನಡೆದದ್ದು ಯಾವಾಗ?

4. ಜಗಳವಾದಾಗ ಮೊದಲು ಮಾತನಾಡಿಸುವವರು ಯಾರು? ಈ ಸಲ ಇನ್ನೊಬ್ಬರು ಮೊದಲು ಮಾತನಾಡಿಸಬಹುದೇ?