ಹಂಪಿ: ಊರು ಹುಟ್ಟಿದ ಕಥೆಗಳು, ಉಳಿದ ಕಲ್ಲುಗಳು – ಪರೀಕ್ಷೆಗೆ ಮುಖ್ಯಾಂಶಗಳು

ಮೊದಲು ನಕ್ಷೆ

ಹಂಪಿ ಇರುವುದು ತುಂಗಭದ್ರೆಯ ಬಲದಂಡೆಯಲ್ಲಿ, ವಿಜಯನಗರ ಜಿಲ್ಲೆ ಹೊಸಪೇಟೆ ತಾಲ್ಲೂಕಿನಲ್ಲಿ. ಈ ಜಿಲ್ಲೆ ಬಳ್ಳಾರಿಯಿಂದ ಬೇರೆಯಾದದ್ದು 2021ರಲ್ಲಿ. ಹಳೆಯ ಗೈಡುಗಳಲ್ಲಿ ಬಳ್ಳಾರಿ ಜಿಲ್ಲೆ ಎಂದೇ ಇರುತ್ತದೆ, ತಿದ್ದಿಕೊಳ್ಳಿ. ಎದುರು ದಂಡೆಯ ಆನೆಗೊಂದಿ ಕೊಪ್ಪಳ ಜಿಲ್ಲೆಗೆ ಸೇರಿದ್ದು. ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ವರ್ಷ 1986. 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹೋಗಿ, 2006ರಲ್ಲಿ ಅದರಿಂದ ಹೊರಬಂತು. ಈ ಮೂರೂ ಇಸವಿಗಳನ್ನು ಒಟ್ಟಿಗೇ ನೆನಪಿಡಿ.

ರಾಜಧಾನಿಗಿಂತ ಹಳೆಯ ಕ್ಷೇತ್ರ

ವಿಜಯನಗರ ಸಾಮ್ರಾಜ್ಯದ ರಾಜಧಾನಿಯಾದ ಹಂಪಿ 1336ರಲ್ಲಿ ಶೂನ್ಯದಿಂದ ಎದ್ದ ಊರಲ್ಲ. ಅದಕ್ಕೂ ಮೊದಲೇ ಇದು ಪಂಪಾಕ್ಷೇತ್ರ. ಪಂಪಾದೇವಿ ತಪಸ್ಸು ಮಾಡಿ ಶಿವನನ್ನು ವರಿಸಿದಳೆಂಬುದು ಸ್ಥಳಪುರಾಣ. ಆ ಶಿವನೇ ಪಂಪಾಪತಿ, ವಿರೂಪಾಕ್ಷ. ಇವರಿಬ್ಬರ ನಿಶ್ಚಿತಾರ್ಥವನ್ನು ಫಲಪೂಜೆಯಾಗಿ, ಮದುವೆಯನ್ನು ಚೈತ್ರದ ರಥೋತ್ಸವದ ಹೊತ್ತಿಗೆ ಇಂದಿಗೂ ನಡೆಸುತ್ತಾರೆ. ‘ಗಿರಿಜಾಕಲ್ಯಾಣ’ ಬರೆದ ಕವಿ ಹರಿಹರ ಈ ವಿರೂಪಾಕ್ಷನ ಭಕ್ತ. ಸಾಮ್ರಾಜ್ಯ ಕಟ್ಟಿದ ಒಂದನೆಯ ಹರಿಹರನೇ ಬೇರೆ, ಅವನಿಗಿಂತ ಮುಂಚಿನ ಈ ಕವಿಯೇ ಬೇರೆ. ಉತ್ತರಪತ್ರಿಕೆಯಲ್ಲಿ ಇಬ್ಬರೂ ಬೆರೆತುಹೋಗುವುದುಂಟು.

ಹೇಮಕೂಟದ ಮೇಲಿನ ತ್ರಿಕೂಟ ಗುಡಿಯೊಂದರಲ್ಲಿ ಕಂಪಿಲರಾಯನ ಶಾಸನವಿದೆ. ತಂದೆ ಮುಮ್ಮಡಿ ಸಿಂಗೆಯ ನಾಯಕ, ತಾಯಿ ಮತ್ತು ಪೆರುಮೆಯ ನಾಯಕ ಎಂಬವನ ನೆನಪಿಗೆ ಮೂರು ಲಿಂಗಗಳನ್ನು ಸ್ಥಾಪಿಸಿದ್ದನ್ನು ಅದು ಹೇಳುತ್ತದೆ. ಕುಮಾರರಾಮ ಈ ಕಂಪಿಲನ ಮಗ. ಕಂಪಿಲಿ ರಾಜ್ಯ 1327ರಲ್ಲಿ ಮಹಮ್ಮದ್ ಬಿನ್ ತುಘಲಕ್‌ನ ಸೈನ್ಯಕ್ಕೆ ಸೋತಿತು. ಮುಂದೆ ವಿಜಯನಗರ ಎದ್ದದ್ದು ಆ ಸೋಲಿನ ನೆಲದಲ್ಲೇ. ಹಂಪಿಗೆ ಹೋದವರು ಮೊದಲು ಹೇಮಕೂಟ ಹತ್ತಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಕಿಷ್ಕಿಂಧೆ

ರಾಮಾಯಣದ ಕಿಷ್ಕಿಂಧೆ ಇದೇ ಎಂಬ ನಂಬಿಕೆ ಇಲ್ಲಿನ ಬೆಟ್ಟಬೆಟ್ಟಕ್ಕೂ ಅಂಟಿಕೊಂಡಿದೆ. ಅಂಜನಾದ್ರಿ ಹನುಮ ಹುಟ್ಟಿದ ಬೆಟ್ಟ, ಋಷ್ಯಮೂಕ ಸುಗ್ರೀವ ಅಡಗಿದ್ದ ತಾಣ, ಮತಂಗ ಪರ್ವತ ವಾಲಿ ಕಾಲಿಡಲಾಗದ ಜಾಗ, ಮಾಲ್ಯವಂತ ರಾಮಲಕ್ಷ್ಮಣರು ಮಳೆಗಾಲ ಕಳೆದ ಗುಡ್ಡ. ನಿಂಬಾಪುರದ ಬೂದಿದಿಬ್ಬವನ್ನು ವಾಲಿಯ ದಹನವಾದ ಜಾಗವೆಂದು ಊರವರು ತೋರಿಸುತ್ತಾರೆ. ಬಳ್ಳಾರಿ ಸೀಮೆಯ ಬೂದಿದಿಬ್ಬಗಳ ಬಗ್ಗೆ ಪುರಾತತ್ತ್ವಜ್ಞರು ಹೇಳುವುದೇ ಬೇರೆ: ನವಶಿಲಾಯುಗದ ದನಗಾಹಿಗಳು ಸಗಣಿರಾಶಿ ಸುಟ್ಟು ಉಳಿದ ಗುಡ್ಡೆಗಳು ಇವು. ಕುಡತಿನಿಯದು ಪ್ರಸಿದ್ಧ ಉದಾಹರಣೆ.

ಈ ನಂಬಿಕೆ ನಗರದ ವಿನ್ಯಾಸದೊಳಗೂ ಇಳಿದಿದೆ. ಹಜಾರರಾಮ ಗುಡಿಯಿಂದ ನೇರ ಉತ್ತರಕ್ಕೆ ಗೆರೆ ಎಳೆದರೆ ಮತಂಗದ ತುದಿಯ ವೀರಭದ್ರ ಗುಡಿಗೆ ಮುಟ್ಟುತ್ತದೆ ಎಂಬುದನ್ನು ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಚೆಲ್ ತಮ್ಮ ಸಮೀಕ್ಷೆಯಲ್ಲಿ ತೋರಿಸಿದರು. ರಾಮನ ಗುಡಿಯನ್ನು ಅರಮನೆ ಪ್ರದೇಶದ ನಡುವೆ ನಿಲ್ಲಿಸಿದವರಿಗೆ ಕಥೆ ಬಾಯಿಪಾಠವಾಗಿತ್ತು.

ಸ್ಥಾಪನೆಯ ಐತಿಹ್ಯಗಳು

ಮೊಲ ಮತ್ತು ಬೇಟೆನಾಯಿ: ಬೇಟೆಗೆ ಬಂದ ಅರಸನ ನಾಯಿಗಳನ್ನು ಮೊಲವೊಂದು ತಿರುಗಿಬಿದ್ದು ಕಚ್ಚುತ್ತದೆ. ಬೆರಗಾದ ಅರಸ ಋಷಿಯನ್ನು ಕೇಳಿದಾಗ, ‘ಇದು ಗಂಡುಮೆಟ್ಟಿನ ನೆಲ, ಇಲ್ಲಿ ಊರು ಕಟ್ಟು’ ಎಂಬ ಅಪ್ಪಣೆಯಾಗುತ್ತದೆ. ಇದನ್ನು ಬರೆದಿಟ್ಟವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನ್ಯೂನಿಜ್, ಸುಮಾರು 1535–37ರಲ್ಲಿ, ಅಚ್ಯುತರಾಯನ ಕಾಲದಲ್ಲಿ. ಅಂದರೆ ಊರು ಹುಟ್ಟಿ 200 ವರ್ಷಗಳಾದ ಮೇಲೆ. ಇದೇ ಜಾಡಿನ ಕಥೆ ಗುಜರಾತಿನ ಅಹಮದಾಬಾದಿಗೂ ಇದೆ. ಶೃಂಗೇರಿಯಲ್ಲಿ ಮೊಲದ ಬದಲು ಕಪ್ಪೆ: ಬಿಸಿಲಿಗೆ ಬಳಲಿದ ಅದಕ್ಕೆ ಹಾವು ಹೆಡೆಯೆತ್ತಿ ನೆರಳು ಕೊಡುತ್ತದೆ. ನೆಲದ ಗುಣವನ್ನು ಪ್ರಾಣಿಗಳ ಮೂಲಕ ಹೇಳುವುದು ಸ್ಥಾಪನೆಯ ಕಥೆಗಳ ಹಳೆಯ ರೂಢಿ.

ಕನಕವೃಷ್ಟಿ: ಮುಂದೆ ಶೃಂಗೇರಿ ಪೀಠವೇರಿದ ವಿದ್ಯಾರಣ್ಯರು ಭುವನೇಶ್ವರಿಯನ್ನು ಪ್ರಾರ್ಥಿಸಿ ಚಿನ್ನದ ಮಳೆ ಸುರಿಸಿದರು, ನಗರ ಕಟ್ಟಲು ಅದೇ ಬಂಡವಾಳವಾಯಿತು. ‘ವಿದ್ಯಾನಗರ’ ಎಂಬ ಹೆಸರೂ ಈ ನಂಟಿನದೇ.

ಶಂಖನಾದ: ಮುಹೂರ್ತ ಬಂದಾಗ ವಿದ್ಯಾರಣ್ಯರು ಶಂಖ ಊದಬೇಕು, ಆಗ ಕೆಲಸದವರು ಬುನಾದಿಗೆ ಕೈಹಾಕಬೇಕು ಎಂದು ಮಾತಾಗಿತ್ತು. ಅಷ್ಟರಲ್ಲಿ ದಾರಿಹೋಕ ದಾಸಯ್ಯನೊಬ್ಬ ತನ್ನ ಶಂಖ ಊದಿಬಿಟ್ಟ. ಮುಹೂರ್ತ ತಪ್ಪಿತು, ನಗರದ ಆಯುಸ್ಸು ಕುಗ್ಗಿತು. ಊರಿನ ಪತನ ಕಂಡವರ ನೋವು ಈ ಕಥೆಯಲ್ಲಿ ಸೇರಿದೆ ಎಂದೇ ನನಗೆ ಅನಿಸುತ್ತದೆ.

ದಾಖಲೆ ಹೇಳುವುದೇನು?

ಸಂಗಮನ ಐವರು ಮಕ್ಕಳು: ಹರಿಹರ, ಕಂಪಣ, ಬುಕ್ಕ, ಮಾರಪ್ಪ, ಮುದ್ದಪ್ಪ. ಸ್ಥಾಪನೆಯ ವರ್ಷ ವಾಡಿಕೆಯಂತೆ 1336. 1346ರಲ್ಲಿ ಸಹೋದರರು ಶೃಂಗೇರಿಯಲ್ಲಿ ವಿಜಯೋತ್ಸವ ನಡೆಸಿ ದತ್ತಿ ಬಿಟ್ಟರು, ಪಡೆದವರು ಭಾರತೀತೀರ್ಥರು. ವಿದ್ಯಾರಣ್ಯರು ಪೀಠವೇರಿದ್ದು ಸುಮಾರು 1380ರಲ್ಲಿ. ಅವರೇ ನಗರ ಕಟ್ಟಿಸಿದರೆನ್ನುವ ಕೆಲವು ತಾಮ್ರಪಟಗಳು ನಂತರದ ಕಾಲದವೆಂದು ಹಲವು ವಿದ್ವಾಂಸರು ತೀರ್ಮಾನಿಸಿದ್ದಾರೆ. ಸಹೋದರರು ಮೊದಲು ಎಲ್ಲಿದ್ದರೆಂಬುದಕ್ಕೂ ಎರಡು ವಾದಗಳಿವೆ: ಹೊಯ್ಸಳ ಮುಮ್ಮಡಿ ಬಲ್ಲಾಳನ ಕೈಕೆಳಗಿನ ನಾಯಕರು ಎಂಬುದು ಒಂದು, ಕಾಕತೀಯ ಪ್ರತಾಪರುದ್ರನ ಆಸ್ಥಾನದಿಂದ ಕಂಪಿಲಿಗೆ ಬಂದವರು ಎಂಬುದು ಇನ್ನೊಂದು.

ಐದು ಅಂಕದ ಪ್ರಶ್ನೆಗೆ ಬರೆಯುವಾಗ ಐತಿಹ್ಯವನ್ನು ‘ಐತಿಹ್ಯದ ಪ್ರಕಾರ’ ಎಂದೇ ಬರೆಯಿರಿ, ಅದು ಮೊದಲು ಎಲ್ಲಿ, ಯಾವಾಗ ದಾಖಲಾಯಿತೆಂಬುದನ್ನೂ ಸೇರಿಸಿ. ಕಥೆಯನ್ನು ಸುಳ್ಳೆಂದು ಬಿಡುವವರೂ, ನಿಜವೆಂದೇ ಬರೆಯುವವರೂ ಅದರ ಕಾಲವನ್ನು ಮರೆಯುತ್ತಾರೆ. ಮೊಲದ ಕಥೆ 1336ರ ಬಗ್ಗೆ ಹೇಳುವುದಕ್ಕಿಂತ, 1535ರ ವಿಜಯನಗರದ ಜನ ತಮ್ಮ ಊರನ್ನು ಹೇಗೆ ಕಂಡರು ಎಂಬುದನ್ನು ಹೆಚ್ಚು ಹೇಳುತ್ತದೆ.

ನೋಡುವಾಗ ಗಮನಿಸಿ

ವಿರೂಪಾಕ್ಷ ಗುಡಿಯ ರಂಗಮಂಟಪ ಕೃಷ್ಣದೇವರಾಯನ (1509–1529) ಪಟ್ಟಾಭಿಷೇಕದ ನೆನಪಿನದು, ಶಾಸನ 1510ರದು. ಒಳಗಿನ ಕತ್ತಲಕೋಣೆಯ ಗೋಡೆಯ ಮೇಲೆ ಗೋಪುರದ ನೆರಳು ತಲೆಕೆಳಗಾಗಿ ಬೀಳುವುದನ್ನು ತಪ್ಪಿಸಬೇಡಿ. ಉಗ್ರನರಸಿಂಹ 1528ರದು, ಎತ್ತರ 6.7 ಮೀಟರ್, ಅವನದು ಲಕ್ಷ್ಮೀನರಸಿಂಹ ರೂಪ, ಲಕ್ಷ್ಮಿಯ ವಿಗ್ರಹ ಒಡೆದುಹೋಗಿದೆ. ಬಾಲಕೃಷ್ಣ ಗುಡಿ ಉದಯಗಿರಿ ವಿಜಯದ ಗುರುತು. ವಿಠ್ಠಲ ಗುಡಿಯ ಕಲ್ಲಿನ ರಥ ಹೊಸ 50 ರೂಪಾಯಿ ನೋಟಿನ ಹಿಂಬದಿಯಲ್ಲಿದೆ. ಆನೆಲಾಯದಲ್ಲಿ 11 ಕೋಣೆಗಳು.

ಮಹಾನವಮಿ ದಿಬ್ಬದ ಹತ್ತಿರದ ಮೆಟ್ಟಿಲುಗಳ ಪುಷ್ಕರಣಿಯ ಬಳಿ ಮಾತ್ರ ನಿಧಾನಿಸಿ. 1980ರ ದಶಕದ ಉತ್ಖನನದಲ್ಲಿ ಮಣ್ಣಿನಡಿಯಿಂದ ಹೊರಬಂದದ್ದು ಇದು. ಕಪ್ಪು ಕಲ್ಲಿನ ತುಂಡುಗಳ ಮೇಲೆ ಕನ್ನಡ ಅಕ್ಷರ ಮತ್ತು ಅಂಕಿಗಳ ಸಣ್ಣ ಗುರುತುಗಳಿವೆ: ಯಾವ ದಿಕ್ಕು, ಯಾವ ಸಾಲು, ಎಷ್ಟನೆಯ ಕಲ್ಲು. ಬೇರೆಡೆ ಕೆತ್ತಿ, ಗುರುತು ಹಾಕಿ, ತಂದು ಜೋಡಿಸಿದ್ದಾರೆ. ಅರಸರ ಹೆಸರುಗಳ ನಡುವೆ ಕಲ್ಲುಕುಟಿಗರ ಕೈಬರಹ ಸಿಗುವ ಜಾಗ ಇದೊಂದೇ ಸಾಕು, ಹಂಪಿಯ ಪ್ರಯಾಣ ಸಾರ್ಥಕ.

ಬಂದುಹೋದವರು, ಬರೆದವರು

ನಿಕೊಲೊ ಕಾಂಟಿ (ಇಟಲಿ) ಸುಮಾರು 1420. ಅಬ್ದುಲ್ ರಜಾಕ್ (ಪರ್ಷಿಯಾ) 1443, ಇಮ್ಮಡಿ ದೇವರಾಯನ ಕಾಲ, ಏಳು ಸುತ್ತಿನ ಕೋಟೆಯ ವರ್ಣನೆ ಇವನದು. ಡೊಮಿಂಗೊ ಪಾಯೆಸ್ (ಪೋರ್ಚುಗಲ್) ಸುಮಾರು 1520, ನಗರ ರೋಮ್‌ನಷ್ಟು ದೊಡ್ಡದೆಂದವನು ಇವನು.

ವಂಶಗಳು ಅನುಕ್ರಮವಾಗಿ ಸಂಗಮ, ಸಾಳುವ, ತುಳುವ, ಅರವೀಡು. 1565ರ ಜನವರಿಯಲ್ಲಿ ರಕ್ಕಸಗಿ–ತಂಗಡಗಿ (ತಾಳಿಕೋಟೆ) ಯುದ್ಧ. ಅಳಿಯ ರಾಮರಾಯ ಹತನಾದ, ರಾಜಧಾನಿ ಪೆನುಗೊಂಡೆಗೆ ಹೋಯಿತು. ಹಾಳೂರಿನ ಮೊದಲ ನಕ್ಷೆ 1799ರಲ್ಲಿ ಕಾಲಿನ್ ಮೆಕೆಂಜಿಯಿಂದ, ಛಾಯಾಚಿತ್ರಗಳು 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾನಿಂದ. ಪಾಯೆಸ್ ಮತ್ತು ನ್ಯೂನಿಜರ ಬರಹಗಳನ್ನು ಇಂಗ್ಲಿಷಿಗೆ ತಂದು, ‘ಮರೆತುಹೋದ ಸಾಮ್ರಾಜ್ಯ’ವೆಂದು 1900ರಲ್ಲಿ ಪುಸ್ತಕ ಬರೆದವನು ರಾಬರ್ಟ್ ಸೀವೆಲ್. ಮೊಲದ ಕಥೆ ಇಂಗ್ಲಿಷ್ ಓದುಗರ ಕೈಗೆ ಸಿಕ್ಕಿದ್ದು ಈ ಪುಸ್ತಕದಿಂದ.