ತಟ್ಟೆಯಲ್ಲಿ ಉಳಿದ ಧ್ವನಿ

ಮಿರಜ ಎಂದೊಡನೆ ಪರಊರಿನವರಿಗೆ ರೈಲ್ವೆ ಜಂಕ್ಷನ್ನು ನೆನಪಾಗುತ್ತದೆ, ಇಲ್ಲವೆ ದವಾಖಾನೆಗಳು ನೆನಪಾಗುತ್ತವೆ. ಸಂಗೀತ ಬಲ್ಲವರಿಗಾದರೋ ತಂಬೂರಿ ನೆನಪಾಗುತ್ತದೆ. ನಮ್ಮೂರಿನ ಕುಶಲಕರ್ಮಿಗಳು ಹತ್ತೊಂಬತ್ತನೆಯ ಶತಮಾನದಿಂದಲೂ ಸೋರೆಬುರುಡೆಯಿಂದ ಸಿತಾರ, ತಂಬೂರಿಗಳನ್ನು ಮಾಡುತ್ತ ಬಂದಿದ್ದಾರೆ. 2024ರಲ್ಲಿ ಈ ಎರಡೂ ವಾದ್ಯಗಳಿಗೆ ಸರಕಾರದ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು.

ವಾದ್ಯವು ಒಡೆದರೆ ಮತ್ತೊಂದನ್ನು ಮಾಡಬಹುದು. ಆದರೆ ಹಾಡಿದವರ ಧ್ವನಿ? ಪುರಂದರದಾಸರ ಪದಗಳು ನಮ್ಮಲ್ಲಿವೆ. ಅವರ ಕಂಠ ಹೇಗಿತ್ತೆಂಬುದನ್ನು ಬಲ್ಲವರು ಯಾರೂ ಇಲ್ಲ. ತಾನಸೇನನ ಕಥೆಗಳು ಉಳಿದಿವೆ, ಅವನ ಒಂದು ಸ್ವರವೂ ಉಳಿದಿಲ್ಲ. ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲೇ ಕರಗುವ ನಾದವನ್ನು ಮನುಷ್ಯನು ಹಿಡಿದಿಟ್ಟುಕೊಳ್ಳಲು ಕಲಿತು ಇನ್ನೂ ನೂರೈವತ್ತು ವರ್ಷಗಳಾಗಿವೆ ಅಷ್ಟೆ. ಆ ವಿದ್ಯೆಯ ಫಲವಾದ ಧ್ವನಿತಟ್ಟೆಗಳ ಬಗೆಗೆ, ಅವುಗಳನ್ನು ಕೂಡಿಡುವ ಮತ್ತು ಕೇಳುವ ರೀತಿಯ ಬಗೆಗೆ, ಈ ಪಾಠದಲ್ಲಿ ತಿಳಿದುಕೊಳ್ಳೋಣ.

ತಟ್ಟೆ ಹುಟ್ಟಿದ ಬಗೆ

1877ರಲ್ಲಿ ಅಮೇರಿಕೆಯ ಥಾಮಸ್ ಎಡಿಸನ್‌ನು ತಿರುಗುವ ಉರುಳೆಯ ಮೇಲೆ ಧ್ವನಿಯನ್ನು ಗೀರಿ, ಅದನ್ನು ಮತ್ತೆ ಕೇಳಿಸಿದನು. ಮುಂದೆ ಹತ್ತು ವರ್ಷಗಳಲ್ಲಿ ಎಮಿಲ್ ಬರ್ಲಿನರ್‌ನು ಉರುಳೆಯ ಬದಲು ಚಪ್ಪಟೆ ತಟ್ಟೆಯನ್ನು ಬಳಕೆಗೆ ತಂದನು. ತಟ್ಟೆಯಾದರೆ ಒಂದೇ ಅಚ್ಚಿನಿಂದ ಸಾವಿರಾರು ಪ್ರತಿಗಳನ್ನು ಒತ್ತಬಹುದು. ಹೀಗಾಗಿ ಅದೇ ಗೆದ್ದಿತು.

1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ತಜ್ಞನು ಕಲಕತ್ತೆಗೆ ಬಂದು ಗೌಹರ್ ಜಾನ್ ಮೊದಲಾದವರ ಹಾಡುಗಳನ್ನು ಮುದ್ರಿಸಿಕೊಂಡನು. ಆಗ ತಟ್ಟೆ ಒತ್ತುವ ಕಾರಖಾನೆ ಇದ್ದದ್ದು ದೂರದ ಜರ್ಮನಿಯಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾವ ಹಾಡು ಯಾರದೆಂದು ತಿಳಿಯಲೆಂದು ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಅದು ಇಂದಿಗೂ ಆ ತಟ್ಟೆಗಳಲ್ಲಿ ಕೇಳುತ್ತದೆ. ಈ ಮಹಾ ಗಾಯಕಿ ಕೊನೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದು, 1930ರಲ್ಲಿ ಅಲ್ಲಿಯೇ ತೀರಿಕೊಂಡರು.

ಹಳೆಯ ತಟ್ಟೆಯ ಮುಖ್ಯ ದ್ರವ್ಯ ಯಾವುದೆಂದು ಬಲ್ಲಿರಾ? ನಮ್ಮ ಅಕ್ಕಸಾಲಿಗರು ಬಳಸುವ ಅರಗು! ಗಿಡದ ಟೊಂಗೆಗಳ ಮೇಲೆ ಸಣ್ಣ ಹುಳುಗಳು ಸುರಿಸುವ ಅರಗನ್ನು ಶುದ್ಧಮಾಡಿ, ಕಲ್ಲಿನ ಪುಡಿ ಮತ್ತು ಕಾಡಿಗೆಯನ್ನು ಬೆರೆಸಿ, ಬಿಸಿಯಲ್ಲಿ ಒತ್ತಿ ತಟ್ಟೆ ಮಾಡುತ್ತಿದ್ದರು. ಅರಗಿನ ಬಹುಭಾಗ ಭಾರತದಿಂದಲೇ ಹೋಗುತ್ತಿತ್ತು. ತಟ್ಟೆಯ ಮೇಲೆ ಸುರುಳಿ ಸುತ್ತಿದ ಒಂದೇ ಒಂದು ಗೆರೆ ಇರುತ್ತದೆ. ಅದರ ಅಂಚುಗಳು ಧ್ವನಿಯ ಕಂಪನದಂತೆ ಅಂಕುಡೊಂಕಾಗಿರುತ್ತವೆ. ಆ ಡೊಂಕಿನಲ್ಲಿ ಓಡುವ ಮುಳ್ಳು ನಡುಗಿದಾಗ ಹಾಡು ಮರಳಿ ಹುಟ್ಟುತ್ತದೆ.

ಮೂರು ನಿಮಿಷದ ಶಿಸ್ತು

ಈ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಹತ್ತು ಇಂಚಿನ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷದ ಹಾಡು ಹಿಡಿಯುತ್ತಿತ್ತು. ಲೆಕ್ಕ ಹಾಕಿರಿ: 78ರ ಮೂರರಷ್ಟು, ಅಂದರೆ 234 ಸುತ್ತು. ಒಂದು ರಾಗವನ್ನು ತಾಸುಗಟ್ಟಲೆ ಹಾಡುವ ಗವಾಯಿಗೆ ಇಷ್ಟೇ ಸುತ್ತಿನೊಳಗೆ ಎಲ್ಲವನ್ನೂ ಹೇಳಿ ಮುಗಿಸಬೇಕಾದ ಪ್ರಸಂಗ ಬಂದಿತು.

ಇದನ್ನು ಸಾಧಿಸಿದವರಲ್ಲಿ ನಮ್ಮ ಮಿರಜದಲ್ಲಿ ನೆಲೆಸಿದ್ದ ಖಾನ್‌ಸಾಹೇಬ ಅಬ್ದುಲ್ ಕರೀಮ್ ಖಾನರು ಅಗ್ರಗಣ್ಯರು. ಅವರು 1872ರಲ್ಲಿ ಉತ್ತರ ಭಾರತದ ಕೈರಾನಾದಲ್ಲಿ ಹುಟ್ಟಿದರು. ಕಿರಾಣಾ ಘರಾಣೆಯ ಹೆಸರು ಬಂದದ್ದು ಆ ಊರಿನಿಂದಲೇ. ಮೈಸೂರು ಅರಮನೆಗೆ ಹೋಗಿಬರುತ್ತಿದ್ದ ಅವರು ಕರ್ನಾಟಕ ಸಂಗೀತವನ್ನೂ ಆದರದಿಂದ ಕೇಳಿದರು. ಖರಹರಪ್ರಿಯ ರಾಗದ ತ್ಯಾಗರಾಜರ ಕೃತಿಯೊಂದನ್ನು ತಟ್ಟೆಗೂ ಹಾಡಿದ್ದಾರೆ. 1937ರ ಅಕ್ಟೋಬರ್ 27ರಂದು ಮದ್ರಾಸಿನಿಂದ ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ ಸಿಂಗಪೆರುಮಾಳ್ ಕೋಯಿಲ್ ನಿಲ್ದಾಣದಲ್ಲಿ ತೀರಿಕೊಂಡರು. ಅವರ ಸಮಾಧಿ ನಮ್ಮೂರಿನ ಮೀರಾಸಾಹೇಬ ದರ್ಗಾದ ಆವರಣದಲ್ಲಿದೆ. ಉರುಸಿನ ಕಾಲದಲ್ಲಿ ಅವರ ಸ್ಮರಣೆಗೆ ಅಲ್ಲಿ ಸಂಗೀತ ಸಭೆ ನಡೆಯುತ್ತದೆ.

ಆ ಮೂರು ನಿಮಿಷಗಳ ಶಕ್ತಿ ಎಷ್ಟೆಂಬುದಕ್ಕೆ ಒಂದು ಉದಾಹರಣೆ ಸಾಕು. ಗದಗ ಸೀಮೆಯ ಒಬ್ಬ ಹುಡುಗ ಅಂಗಡಿಯೊಂದರಲ್ಲಿ ಖಾನ್‌ಸಾಹೇಬರ ಝಿಂಝೋಟಿ ರಾಗದ ಠುಮರಿಯ ತಟ್ಟೆಯನ್ನು ಕೇಳಿದನು. ಹೀಗೆ ಹಾಡುವುದನ್ನು ಕಲಿಯಲೇಬೇಕೆಂದು ಹನ್ನೊಂದನೆಯ ವಯಸ್ಸಿನಲ್ಲಿ ಗುರುವನ್ನು ಹುಡುಕುತ್ತ ಮನೆ ಬಿಟ್ಟನು. ಊರೂರು ಅಲೆದು, ಕೊನೆಗೆ ಖಾನ್‌ಸಾಹೇಬರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರ ಮನೆ ಸೇರಿದನು. ಆ ಹುಡುಗನೇ ಮುಂದೆ ಭಾರತರತ್ನರಾದ ಪಂಡಿತ ಭೀಮಸೇನ ಜೋಶಿಯವರು. ಎಷ್ಟೋ ತಟ್ಟೆಗಳು ಅವರ ಬಳಿ ಇದ್ದವೆಂದಲ್ಲ. ಕೇಳಿದ ಒಂದು ತಟ್ಟೆ ಅವರ ಕಿವಿಯೊಳಗೆ ಉಳಿಯಿತು.

ಸಾಗರದಾಚೆಯ ಜಾಝ್

ಇದೇ ಮೂರು ನಿಮಿಷದ ಕಟ್ಟಳೆ ಅಮೇರಿಕೆಯ ಜಾಝ್ ವಾದಕರಿಗೂ ಇತ್ತು. ಜಾಝ್ ಎಂಬುದು ಅಲ್ಲಿಯ ಕರಿಯ ಜನಾಂಗದವರು ಕಷ್ಟದ ಬದುಕಿನ ನಡುವೆ ಕಟ್ಟಿದ ಸಂಗೀತ. ನಮ್ಮ ಗವಾಯಿ ಚೀಜನ್ನು ಹಿಡಿದು ಆಲಾಪ, ತಾನುಗಳಿಂದ ಬೆಳೆಸುವಂತೆ, ಜಾಝ್ ವಾದಕನೂ ಒಂದು ಧಾಟಿಯನ್ನು ಹಿಡಿದು ಅಲ್ಲಿಯೇ, ಆಗಲೇ, ಮನಸ್ಸಿಗೆ ಹೊಳೆದಂತೆ ಬೆಳೆಸುತ್ತಾನೆ. ಜಾಝ್‌ನ ಮೊದಲ ತಟ್ಟೆ ಹೊರಬಂದದ್ದು 1917ರಲ್ಲಿ. 1928ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ತುತ್ತೂರಿಯಲ್ಲಿ ನುಡಿಸಿದ 'ವೆಸ್ಟ್ ಎಂಡ್ ಬ್ಲೂಸ್' ಮೂರೂಕಾಲು ನಿಮಿಷದ್ದು. ಅದನ್ನು ಇಂದಿಗೂ ಜಗತ್ತಿನೆಲ್ಲೆಡೆ ವಿದ್ಯಾರ್ಥಿಗಳು ಪಾಠದಂತೆ ಕೇಳುತ್ತಾರೆ.

ಮುಂಬಯಿಯ ದೊಡ್ಡ ಹೋಟೆಲುಗಳಲ್ಲಿ 1930ರ ದಶಕದಲ್ಲಿಯೇ ಜಾಝ್ ಮೇಳಗಳಿದ್ದವು. ಗೋವೆಯ ವಾದಕರು ಅದನ್ನು ಕಲಿತು ಹಿಂದೀ ಸಿನೇಮಾದ ವಾದ್ಯಮೇಳಗಳಿಗೆ ತಂದರು. 1951ರ 'ಅಲ್ಬೇಲಾ' ಚಿತ್ರದ ಹಾಡುಗಳಲ್ಲಿ ಅದರ ನಡೆ ಕೇಳಿಸುತ್ತದೆ. ಹೀಗಾಗಿ ಜಾಝ್ ನಮಗೆ ತೀರ ಪರಕೀಯವಲ್ಲ.

1948ರಲ್ಲಿ ನಿಮಿಷಕ್ಕೆ 33⅓ ಸುತ್ತು ತಿರುಗುವ ಪ್ಲಾಸ್ಟಿಕ್ ಜಾತಿಯ ವಿನೈಲ್ ತಟ್ಟೆ, ಅಂದರೆ ಎಲ್.ಪಿ., ಬಂದಿತು. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಅವಕಾಶ ದೊರೆಯಿತು. ಕಲಾವಿದರು ಉಸಿರು ಬಿಟ್ಟು ಹಾಡಲು, ನುಡಿಸಲು ಸಾಧ್ಯವಾಯಿತು. ಮೈಲ್ಸ್ ಡೇವಿಸ್ ಮತ್ತು ಸಂಗಡಿಗರ 'ಕೈಂಡ್ ಆಫ್ ಬ್ಲೂ' 1959ರಲ್ಲಿ ಎರಡೇ ದಿನಗಳಲ್ಲಿ ಮುದ್ರಣಗೊಂಡಿತು. ಮರುವರ್ಷ ನಮ್ಮ ಉಸ್ತಾದ ಅಮೀರ್ ಖಾನರ ಎಲ್.ಪಿ. ಬಂದಿತು: ಒಂದು ಮಗ್ಗುಲಿಗೆ ಮಾರವಾ, ಇನ್ನೊಂದು ಮಗ್ಗುಲಿಗೆ ದರಬಾರಿ. ಎರಡರಲ್ಲಿಯೂ ಅವಸರವೆಂಬುದಿಲ್ಲ. ಮೈಲ್ಸ್ ಡೇವಿಸ್‌ರ ಜೊತೆಗಾರ ಜಾನ್ ಕಾಲ್ಟ್ರೇನ್ ನಮ್ಮ ಸಂಗೀತವನ್ನು ಎಷ್ಟು ಮೆಚ್ಚಿದ್ದರೆಂದರೆ, 1965ರಲ್ಲಿ ಹುಟ್ಟಿದ ಮಗನಿಗೆ ಪಂಡಿತ ರವಿಶಂಕರರ ನೆನಪಿಗಾಗಿ ರವಿ ಎಂದು ಹೆಸರಿಟ್ಟರು.

1982ರಲ್ಲಿ ಸಿ.ಡಿ. ಬಂದಿತು. ಅದರಲ್ಲಿ ಮುಳ್ಳಿಲ್ಲ, ಸವೆತವಿಲ್ಲ. ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಆ ಅಂಕೆಗಳನ್ನು ಬೆಳಕಿನ ಕಿರಣದಿಂದ ಓದುತ್ತಾರೆ. ಹಳೆಯ ತಟ್ಟೆಗಳ ಎಷ್ಟೋ ಹಾಡುಗಳು ಸಿ.ಡಿ.ಗಳಲ್ಲಿ ಮರುಹುಟ್ಟು ಪಡೆದಿವೆ.

ಕೂಡಿಡುವವರಿಗೆ ಕೆಲವು ಮಾತು

ಅಜ್ಜ, ಮುತ್ತಜ್ಜಂದಿರ ಕಾಲದ ತಟ್ಟೆಗಳು ಕೆಲವು ಮನೆಗಳ ಅಟ್ಟದ ಮೇಲೆ ಇರಬಹುದು. ಗುಜರಿಗೆ ಹಾಕುವ ಮುನ್ನ ಒಮ್ಮೆ ನೋಡಿರೆಂದು ಪಾಲಕರಲ್ಲಿ ನಮ್ಮ ಬಿನ್ನಹ. ಒಡೆದ ತಟ್ಟೆಯಂತೆಯೇ ಮಾರಿದ ತಟ್ಟೆಯೂ ಮರಳಿ ಬಾರದು.

1. ನಡುವಿನ ಚೀಟಿಯನ್ನು ಓದಿರಿ. ಹಾಡಿದವರು, ರಾಗ, ಕಂಪನಿ, ಸಂಖ್ಯೆ ಎಲ್ಲವನ್ನೂ ಒಂದು ವಹಿಯಲ್ಲಿ ಬರೆದಿಡಿರಿ. ಚೀಟಿಯಲ್ಲಿ 'ಗಾಂಧಾರಿ ಹುಬ್ಬಳ್ಳಿ' ಎಂದಿದ್ದರೆ ಆಕೆ ಯಾರೋ ಎಂದು ಬದಿಗಿಡಬೇಡಿರಿ. ಗಂಗೂಬಾಯಿ ಹಾನಗಲ್ಲರ ಮೊದಮೊದಲ ತಟ್ಟೆಗಳು ಆ ಹೆಸರಿನಿಂದಲೇ ಬಂದವು!

2. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ, ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿರಿ. ಅರಗಿನ ತಟ್ಟೆ ಬಿದ್ದರೆ ಒಡೆಯುತ್ತದೆ, ಎಲ್.ಪಿ. ಬಿಸಿಲಿಗೆ ಡೊಂಕಾಗುತ್ತದೆ.

3. ಅರಗಿನ ತಟ್ಟೆಯನ್ನು ಸ್ಪಿರಿಟ್ಟಿನಿಂದ ಎಂದೂ ಒರೆಸಬಾರದು. ಸ್ಪಿರಿಟ್ಟಿನಲ್ಲಿ ಅರಗು ಕರಗುತ್ತದೆ. ತುಸುವೇ ಒದ್ದೆಯಾದ ಮೆತ್ತನೆಯ ಬಟ್ಟೆ ಸಾಕು. ಚೀಟಿಗೆ ನೀರು ತಾಗದಿರಲಿ.

4. ಎಲ್.ಪಿ.ಯ ಮುಳ್ಳು ಸಣ್ಣದು, 78ರ ಮುಳ್ಳು ದೊಡ್ಡದು. ಒಂದರ ಮುಳ್ಳನ್ನು ಇನ್ನೊಂದಕ್ಕೆ ಬಳಸಬಾರದು.

5. ಸಿ.ಡಿ.ಯನ್ನು ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಸುತ್ತಲೂ ಅಲ್ಲ.

ಕೇಳುವ ಅಭ್ಯಾಸ

ಕೂಡಿಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕಪಾಟಿನ ತುಂಬ ಪುಸ್ತಕವಿದ್ದು ಓದದಿದ್ದರೆ ಹೇಗೋ ಇದೂ ಹಾಗೆಯೇ. ಇಂದು ಬೆರಳು ತಾಕಿಸಿದರೆ ಸಾವಿರ ಹಾಡು ಬರುತ್ತವೆ; ಒಂದು ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುತ್ತೇವೆ. ಅದರಿಂದ ಕಿವಿ ದಣಿಯುತ್ತದೆ, ಕಲಿಯುವುದಿಲ್ಲ. ಒಂದು ಹಾಡನ್ನು ಹತ್ತು ಸಲ ಕೇಳುವುದು ಹತ್ತು ಹಾಡುಗಳನ್ನು ಒಮ್ಮೊಮ್ಮೆ ಕೇಳುವುದಕ್ಕಿಂತ ಮೇಲು.

ವಿದ್ಯಾರ್ಥಿಗಳೇ, ರಜೆಯಲ್ಲಿ ಈ ಪ್ರಯೋಗವನ್ನು ಮಾಡಿ ನೋಡಿರಿ. ಅಬ್ದುಲ್ ಕರೀಮ್ ಖಾನರ ಒಂದು ಹಾಡನ್ನು ಆರಿಸಿಕೊಳ್ಳಿರಿ. ತಟ್ಟೆಯಿಲ್ಲದಿದ್ದರೆ ಸಿ.ಡಿ. ಆದೀತು, ಮೊಬಾಯಿಲೂ ಆದೀತು. ಮೊದಲ ಸಲ ಬೇರೆ ಕೆಲಸ ಮಾಡದೆ ಸುಮ್ಮನೆ ಕೇಳಿರಿ. ಎರಡನೆಯ ಸಲ ಹಾಡನ್ನು ಬಿಟ್ಟು ಹಿಂದಿನ ತಬಲೆಯ ನಡೆಯನ್ನಷ್ಟೇ ಹಿಂಬಾಲಿಸಿರಿ. ಮೂರನೆಯ ಸಲ ಗಡಿಯಾರ ಹಿಡಿದು, ಯಾವ ಗಳಿಗೆಯಲ್ಲಿ ಧ್ವನಿ ಮೇಲಿನ ಷಡ್ಜವನ್ನು ಮುಟ್ಟಿತೆಂದು ಬರೆದುಕೊಳ್ಳಿರಿ. ಆಮೇಲೆ ಆರ್ಮ್‌ಸ್ಟ್ರಾಂಗರ ತುತ್ತೂರಿಯನ್ನೂ ಹೀಗೆಯೇ ಕೇಳಿರಿ. ಭಾಷೆ ಬೇರೆ, ವಾದ್ಯ ಬೇರೆ. ಆದರೆ ಸಿಕ್ಕ ಸ್ವಲ್ಪ ಕಾಲವನ್ನು ಒಂದು ಗಳಿಗೆಯೂ ವ್ಯರ್ಥ ಮಾಡದೆ ತುಂಬಿದ ರೀತಿ ಇಬ್ಬರದೂ ಒಂದೇ ಎಂಬುದು ನಿಮಗೇ ತಿಳಿಯುತ್ತದೆ.

ದರ್ಗಾದ ಆವರಣದಲ್ಲಿ ಖಾನ್‌ಸಾಹೇಬರ ದೇಹ ಮಣ್ಣಾಗಿದೆ. ಅವರ ಧ್ವನಿ ಕೆಲವೇ ತಟ್ಟೆಗಳಲ್ಲಿ ಉಳಿದಿದೆ. ತಟ್ಟೆಯನ್ನು ಕಾಯುವುದು ಕಪಾಟಿನ ಕೆಲಸ. ಆ ಧ್ವನಿಯನ್ನು ಕಾಯಬೇಕಾದದ್ದು ನಮ್ಮ ನಿಮ್ಮ ಕಿವಿಗಳು.