ಬೆನ್ನಿಗೆ ಇಂಜೆಕ್ಷನ್ ಎಂದರೆ ಹೆದರಬೇಡ, ಮಗಳೇ

ಕೂಸಿಗೆ ಹರ್ನಿಯಾ, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆಪರೇಷನ್ ಮಾಡುತ್ತಾರಂತೆ ಎಂದರೆ ಸಾಕು, ನಮ್ಮ ಸುಬ್ರಹ್ಮಣ್ಯದ ಕಡೆ ಹತ್ತು ಮನೆಯವರು ಹತ್ತು ಮಾತು ಹೇಳುತ್ತಾರೆ. ಥಿಯೇಟರಿನಲ್ಲಿ ನರ್ಸಾಗಿ ದುಡಿದು ನಿವೃತ್ತಳಾದವಳು ನಾನು. ಯಾವ ಅರಿವಳಿಕೆ ಎಂದು ತೀರ್ಮಾನಿಸುವುದು ಡಾಕ್ಟರ ಕೆಲಸ. ಮುಚ್ಚಿಡದೆ ಹೇಳುವುದು, ಮಗುವಿನ ಹೊಟ್ಟೆ ಖಾಲಿ ಇಡುವುದು ನಿನ್ನ ಕೆಲಸ. ನಿನ್ನ ಪಾಲಿನದ್ದು ಇಲ್ಲಿದೆ.

• ಸಿಸೇರಿಯನ್ನಿನಲ್ಲಿ ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನಿಂದಲೇ ನಿನಗೆ ಸೊಂಟನೋವು ಬಂತೆಂದು ಕೂಸಿಗೂ ಅದೇ ಲೆಕ್ಕ ಹಾಕಬೇಡ. ಬಾಣಂತಿಯ ಸೊಂಟನೋವಿಗೆ ಬಸುರಿನ ಭಾರ, ಬಗ್ಗಿ ಕೂತು ಹಾಲೂಡಿಸುವುದು ಹೀಗೆ ಬೇರೆ ಕಾರಣಗಳೇ ಹೆಚ್ಚು. ಎಳೆಕೂಸಿನ ಬೆನ್ನುಹುರಿ ನಮ್ಮದಕ್ಕಿಂತ ಕೆಳಗಿನ ತನಕ ಇರುತ್ತದೆ. ಅದಕ್ಕೇ ಸೂಜಿಯನ್ನು ಇನ್ನೂ ಕೆಳಗೆ, ಹುರಿ ಮುಗಿದ ನಂತರದ ಜಾಗಕ್ಕೆ ಹಾಕುತ್ತಾರೆ. ದೊಡ್ಡವರಿಗೆ ಆಗುವಂತೆ ಬಿಪಿ ಇಳಿಯುವುದೂ ಸಣ್ಣ ಮಕ್ಕಳಲ್ಲಿ ಕಡಿಮೆ.

• ನಿನ್ನ ಮಗುವಿನ ಮೇಲೆ ಪ್ರಯೋಗ ಮಾಡುತ್ತಿದ್ದಾರೆ ಎಂದುಕೊಳ್ಳಬೇಡ. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಶುರುಮಾಡಿದ ವಿಧಾನ ಇದು. 1909ರ ಹೊತ್ತಿಗೇ ಲಂಡನ್ನಿನ ಟಿರೆಲ್ ಗ್ರೇ ಮಕ್ಕಳಿಗೆ ಕೊಟ್ಟು ಬರೆದಿದ್ದರು.

• ಎಲ್ಲ ಆಪರೇಷನ್ನಿಗೂ ಇದು ಆಗುವುದಿಲ್ಲ. ಹೊಕ್ಕುಳಿನಿಂದ ಕೆಳಗಿನ, ಬೇಗ ಮುಗಿಯುವ ಕೆಲಸಕ್ಕೆ ಸರಿ. ಎಳೆಕೂಸಿನಲ್ಲಿ ಔಷಧ ಒಂದು, ಒಂದೂವರೆ ಗಂಟೆಯಲ್ಲಿ ಇಳಿದುಬಿಡುತ್ತದೆ. 'ಬೇಕಾದರೆ ಪೂರ್ತಿ ಪ್ರಜ್ಞೆ ತಪ್ಪಿಸುತ್ತೇವೆ' ಎಂದು ಸಹಿ ಹಾಕಿಸುವುದು ಅದಕ್ಕೇ. ಪ್ರಜ್ಞೆ ತಪ್ಪಿಸುವುದರಿಂದ ಬುದ್ಧಿ ಮಂಕಾದೀತೆಂದು ಹೆದರಬೇಡ. ಹಲವು ದೇಶಗಳ 722 ಹರ್ನಿಯಾ ಕೂಸುಗಳನ್ನು ಸೇರಿಸಿಕೊಂಡ ಅಧ್ಯಯನವೊಂದರ ಫಲಿತಾಂಶ 2019ರಲ್ಲಿ ಬಂತು: ಒಂದು ಗಂಟೆಯೊಳಗೆ ಮುಗಿದ ಪೂರ್ತಿ ಅರಿವಳಿಕೆಗೂ ಎಚ್ಚರದಲ್ಲೇ ಕೊಟ್ಟ ಬೆನ್ನಿನ ಇಂಜೆಕ್ಷನ್ನಿಗೂ ಐದು ವರ್ಷದ ಪ್ರಾಯದ ಬುದ್ಧಿಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ.

• ಸರ್ಜನ್ನರನ್ನು ಕಂಡರೆ ಸಾಲದು, ಅರಿವಳಿಕೆ ಡಾಕ್ಟರನ್ನೂ ಮುಂಚೆಯೇ ಕಾಣು. ಮಕ್ಕಳಿಗೆ ಕೊಟ್ಟು ರೂಢಿಯಿದೆಯಾ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಸುಳ್ಯದಲ್ಲಿ ಕೆ.ವಿ.ಜಿ. ಮೆಡಿಕಲ್ ಕಾಲೇಜಿದೆ, ಮಂಗಳೂರಿನಲ್ಲಿ ಸರ್ಕಾರಿ ವೆನ್ಲಾಕ್ ಇದೆ. ಆಯುಷ್ಮಾನ್ ಕಾರ್ಡಿನಲ್ಲಿ ಮಾಡಿಸುವುದಾದರೆ ಶಿಫಾರಸು ಪತ್ರ ಬೇಕಾ ಎಂದು ಮೊದಲೇ ವಿಚಾರಿಸು.

• ಕೂಸು ಎಷ್ಟನೇ ವಾರಕ್ಕೆ ಹುಟ್ಟಿತೆಂದು ತಾಯಿ ಕಾರ್ಡ್ ತೋರಿಸಿ ಹೇಳು. ತಿಂಗಳು ತುಂಬದೆ ಹುಟ್ಟಿದ ಕೂಸಿಗೆ ಆಪರೇಷನ್ ಆದಮೇಲೆ ಉಸಿರು ನಿಂತು ನಿಂತು ಬರುವ ಅಪಾಯವಿದೆ. ಪೂರ್ತಿ ಪ್ರಜ್ಞೆ ತಪ್ಪಿಸುವ ಬದಲು ಬೆನ್ನಿನ ಇಂಜೆಕ್ಷನ್ ಆರಿಸುವುದಕ್ಕೆ ಅದೂ ಒಂದು ಕಾರಣ. ಆದರೂ ರಾತ್ರಿಯಿಡೀ ನಿಗಾದಲ್ಲಿ ಇಡಬೇಕಾದೀತು. ನಿನ್ನ ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಗಾಯವಾದರೆ ರಕ್ತ ನಿಲ್ಲದ ಕಾಯಿಲೆ ಇದ್ದರೆ, ಕೂಸಿನ ಬೆನ್ನಿನ ಕೆಳಗೆ ಕುಳಿಯೋ ಕೂದಲ ಗುಚ್ಛವೋ ಇದ್ದರೆ, ಜ್ವರ ಕೆಮ್ಮು ಇದ್ದರೆ, ಎಲ್ಲ ಹೇಳು.

• ಮಗು ಎಚ್ಚರವಾಗಿಯೇ ಇರುತ್ತದಲ್ಲ ಎಂದು ಕದ್ದು ಒಂದು ಚಮಚ ಕೊಡುವ ಅಜ್ಜಿಯರಿದ್ದಾರೆ, ಅವರ ಮೇಲೊಂದು ಕಣ್ಣಿರಲಿ. ಸಾಮಾನ್ಯವಾಗಿ ಎದೆಹಾಲು 4 ಗಂಟೆ ಮುಂಚೆ, ದನದ ಹಾಲು, ಡಬ್ಬಿ ಹಾಲು 6 ಗಂಟೆ ಮುಂಚೆ, ನೀರು 2 ಗಂಟೆ ಮುಂಚೆ ನಿಲ್ಲಬೇಕು. ರಾಗಿ ಮಣ್ಣಿ, ಗಂಜಿ ಊಟದ ಲೆಕ್ಕಕ್ಕೇ ಸೇರುತ್ತವೆ. ಗಂಜಿ ತಿಳಿಯನ್ನೂ ನೀರೆಂದು ಕುಡಿಸಬೇಡ. ನಿನ್ನ ಆಸ್ಪತ್ರೆಯವರು ಬೇರೆ ಹೊತ್ತು ಹೇಳಿದರೆ ಅದೇ ಕೊನೆಯ ಮಾತು.

• ಕುಕ್ಕೆಯ ಮೃತ್ತಿಕೆ ಪ್ರಸಾದ ಹಣೆಗೆ ಸಾಕು. ಸೂಜಿ ಹೋಗುವ ಬೆನ್ನಿಗೆ, ಆಮೇಲೆ ಹೊಲಿಗೆಯ ಮೇಲೆ ಹಚ್ಚಬೇಡ, ಆ ದಿನ ಬಾಯಿಗೂ ಹಾಕಬೇಡ. ಸೊಂಟದ ನೂಲು, ತಾಯಿತ ಮನೆಯಲ್ಲೇ ಬಿಚ್ಚಿಡು.

• ಆಶ್ಲೇಷ ಬಲಿ ಆಗಲಿ, ಅಮಾವಾಸ್ಯೆ ಕಳೆಯಲಿ ಎಂದು ದಿನ ಮುಂದೂಡಬೇಡ. ಹರಕೆ ಆಮೇಲೂ ಸಲ್ಲುತ್ತದೆ. ತೊಡೆಸಂದಿನ ಗಡ್ಡೆ ಗಟ್ಟಿಯಾಗಿ ಒಳಗೆ ಹೋಗದಿದ್ದರೆ, ಕೂಸು ವಾಂತಿ ಮಾಡುತ್ತ ಒಂದೇ ಸಮ ಅತ್ತರೆ, ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡು.

• ಮಂಗಳೂರಿಗೆ ನೂರು ಕಿಲೋಮೀಟರ್ ಮೀರಿದ ದಾರಿ. ಮಳೆಗಾಲದಲ್ಲಿ ಕುಮಾರಧಾರೆ ಉಕ್ಕಿದರೆ ಹೊತ್ತಿಗೆ ಮುಟ್ಟುವ ಖಾತ್ರಿಯಿಲ್ಲ. ಹಿಂದಿನ ದಿನವೇ ಹೋಗಿ ಉಳಿ. ಆಪರೇಷನ್ ಆದ ಸಂಜೆಯೇ ಮನೆಗೆ ಹೊರಡುವ ಅವಸರವೂ ಬೇಡ.

• ಸೂಜಿ ಹಾಕುವಾಗ ಕೂಸನ್ನು ಬಾಗಿಸಿ ಗಟ್ಟಿಯಾಗಿ ಹಿಡಿಯುತ್ತಾರೆ, ಅದು ಅಳುತ್ತದೆ. ಕಾಲು ಮರಗಟ್ಟಿದ ಮೇಲೆ ಎಷ್ಟೋ ಕೂಸುಗಳು ತಾವಾಗಿಯೇ ನಿದ್ದೆ ಹೋಗುತ್ತವೆ. ಐದಾರು ವರ್ಷದ ಮಕ್ಕಳಿಗೆ ಜೊತೆಗೆ ನಿದ್ದೆಯ ಔಷಧವನ್ನೂ ಕೊಡುವುದುಂಟು. ಅಷ್ಟು ದೊಡ್ಡ ಮಗುವಿಗೆ 'ನೋವೇ ಇಲ್ಲ' ಎಂದು ಸುಳ್ಳು ಹೇಳಬೇಡ. 'ಸ್ವಲ್ಪ ಚುಚ್ಚುತ್ತದೆ, ಆಮೇಲೆ ಕಾಲು ಭಾರವಾಗುತ್ತದೆ, ಮತ್ತೆ ಸರಿಯಾಗುತ್ತದೆ' ಎಂದು ಮೊದಲೇ ಹೇಳಿಡು.

• ಔಷಧ ಇಳಿಯುವ ತನಕ ಬಟ್ಟೆ ಬದಲಿಸುವಾಗ ಕಾಲು ಮೇಲೆತ್ತದೆ ಮಗ್ಗುಲಿಗೆ ಹೊರಳಿಸು. ಮರಗಟ್ಟಿದ ಕಾಲಿಗೆ ಬಿಸಿನೀರಿನ ಚೀಲ ಇಡಬೇಡ, ಸುಟ್ಟರೂ ತಿಳಿಯದು. ನಡೆಯುವ ಮಗುವಾದರೆ ಕಾಲಿಗೆ ಪೂರ್ತಿ ಬಲ ಬರುವ ತನಕ ಇಳಿಸಬೇಡ. ಡಾಕ್ಟರು ಹೇಳಿದ ಹೊತ್ತು ಕಳೆದರೂ ಕಾಲು ಆಡಿಸದಿದ್ದರೆ, ಮೂತ್ರ ಮಾಡದಿದ್ದರೆ, ಜ್ವರ ಬಂದರೆ, ಕೂತಾಗ ತಲೆನೋವೆಂದರೆ, ಬೆಳಗಾಗಲಿ ಎಂದು ಕಾಯದೆ ತಿಳಿಸು.

• ಡಿಸ್ಚಾರ್ಜ್ ಚೀಟಿಯಲ್ಲಿ ಯಾವ ಅರಿವಳಿಕೆ ಕೊಟ್ಟರೆಂದು ಬರೆಸಿಕೊಂಡು ತಾಯಿ ಕಾರ್ಡಿನ ಜೊತೆ ಜೋಪಾನ ಮಾಡು. ಒಂದು ಬದಿಗೆ ಹರ್ನಿಯಾ ಬಂದ ಮಗುವಿಗೆ ಇನ್ನೊಂದು ಬದಿಗೂ ಬರುವುದುಂಟು. ಆಗ ಹೊಸ ಡಾಕ್ಟರು ಮೊದಲು ಕೇಳುವುದು ಆ ಚೀಟಿಯನ್ನೇ.